ಕಾರ್ಬರೇಟರ್ ಇಲ್ಲದ ಕಾರು

ಹೊಸೂರಿನ ಬಾಗಲೂರು ರಸ್ತೆಯಲ್ಲಿದ್ದ ತನ್ನ ಶೆಡ್ಡಿಗೆ ಯಾವ ಕಾರು ಬಂದರೂ ಆವುಲಪ್ಪ ಕೂಡಲೇ ಬಾನೆಟ್ ಎತ್ತುತ್ತಿರಲಿಲ್ಲ. ಇಂಜಿನ್ ಆರಿಸಬೇಡಿ ಎಂದು ಡ್ರೈವರಿಗೆ ಕೈ ಮಾಡಿ, ಮಡ್‌ಗಾರ್ಡಿನ ಮೇಲೆ ಬಲ ಅಂಗೈ ಊರಿ, ನೆಲ ನೋಡುತ್ತ ನಿಲ್ಲುತ್ತಿದ್ದ. ಒಂದು ನಿಮಿಷವಾದ ಮೇಲೆ "ಪೆಟ್ರೋಲ್ ಜಾಸ್ತಿ ಕುಡೀತೈತೆ" ಅಂತಲೋ "ಜೆಟ್ಟಲ್ಲಿ ಕಸ ಕೂತೈತೆ" ಅಂತಲೋ ಹೇಳುತ್ತಿದ್ದ. ಹೇಳಿದ್ದು ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿರುತ್ತಿತ್ತು. ಹತ್ತನೆಯ ಸಲ ತಪ್ಪಿದರೆ ಗಾಡಿಯನ್ನೇ ಬೈಯುತ್ತಿದ್ದ.

ಅವನು ಮಾಡುತ್ತಿದ್ದುದು ಒಂದೇ ಕೆಲಸ. ಬ್ರೇಕು, ಕ್ಲಚ್ಚು ಎಂದು ಬಂದವರನ್ನು ಬೇರೆ ಶೆಡ್ಡಿಗೆ ಕಳಿಸಿಬಿಡುತ್ತಿದ್ದ. ಅವನದು ಕಾರ್ಬರೇಟರ್ ಮಾತ್ರ. ಇಂಜಿನ್ ಎಳೆದುಕೊಳ್ಳುವ ಗಾಳಿಗೆ ಹದವಾಗಿ ಪೆಟ್ರೋಲ್ ಬೆರೆಸಿಕೊಡುವ ಆ ಅಲ್ಯೂಮಿನಿಯಂ ಡಬ್ಬಿಯನ್ನು ಬಿಚ್ಚಿ, ಅದರೊಳಗಿನ ಜೆಟ್ ಎನ್ನುವ ಸಣ್ಣ ರಂಧ್ರದ ತಿರುಪುಗಳನ್ನು ತೊಳೆದು, ಮತ್ತೆ ಕೂರಿಸಿ ಹದ ಮಾಡುವುದರಲ್ಲಿ ಹೊಸೂರಿನಿಂದ ಕೃಷ್ಣಗಿರಿಯವರೆಗೆ ಅವನನ್ನು ಮೀರಿಸುವವರಿರಲಿಲ್ಲ. ಇದನ್ನು ಬೇರೆಯವರೂ ಹೇಳುತ್ತಿದ್ದರು, ಅವನೂ ಹೇಳುತ್ತಿದ್ದ.

1975ರ ಬೇಸಿಗೆಯಲ್ಲಿ ಮದ್ರಾಸಿನ ಬಟ್ಟೆ ವ್ಯಾಪಾರಿಯೊಬ್ಬ ಸಿಟ್ಟಿನಿಂದ ಬಂದಿಳಿದ. ಅಲ್ಲಿ ಸರಿಯಾಗಿದ್ದ ಕಾರು ಹೊಸೂರು ಮುಟ್ಟುವಷ್ಟರಲ್ಲಿ ಕರೀ ಹೊಗೆ ಬಿಡುತ್ತಿದೆ, ದಾರಿಯಲ್ಲಿ ಯಾರೋ ಪೆಟ್ರೋಲಿಗೆ ಏನೋ ಬೆರೆಸಿದ್ದಾರೆ ಎನ್ನುವುದು ಅವನ ದೂರು. ಆವುಲಪ್ಪ ತಮಿಳಿನಲ್ಲೇ ಅವನಿಗೆ ತಿಳಿಯಹೇಳಿದ. ಮದ್ರಾಸು ಸಮುದ್ರದ ಪಕ್ಕದಲ್ಲಿದೆ, ಅಲ್ಲಿಯದು ಗಟ್ಟಿ ಗಾಳಿ. ಹೊಸೂರು ಮೂರು ಸಾವಿರ ಅಡಿ ಮೇಲಿದೆ, ಇಲ್ಲಿಯದು ತೆಳ್ಳನೆಯ ಗಾಳಿ. ನಿಮ್ಮ ಕಾರಿಗೆ ಅದು ಗೊತ್ತಿಲ್ಲ, ಅಲ್ಲಿ ಹಾಕುತ್ತಿದ್ದಷ್ಟೇ ಪೆಟ್ರೋಲನ್ನು ಇಲ್ಲಿಯೂ ಹಾಕುತ್ತಿದೆ, ಅಷ್ಟೇ. ಹಾಗೆಂದು ಹೇಳಿ ಚಿಕ್ಕ ಜೆಟ್ ಕೂರಿಸಿದ. ಹಳೆಯದನ್ನು ಕಾಗದದಲ್ಲಿ ಸುತ್ತಿ ವ್ಯಾಪಾರಿಯ ಕೈಗೇ ಕೊಟ್ಟು, ಮದ್ರಾಸಿಗೆ ಹೋದ ಮೇಲೆ ಇದನ್ನೇ ಹಾಕಿಸಿಕೊಳ್ಳಿ ಎಂದ. ಆ ವ್ಯಾಪಾರಿ ಆಮೇಲೆ ಬೆಂಗಳೂರಿಗೆ ಹೋಗುವಾಗಲೆಲ್ಲ ಹೊಸೂರಿನಲ್ಲಿ ಗಾಡಿ ನಿಲ್ಲಿಸಿ ಆವುಲಪ್ಪನನ್ನು ಮಾತಾಡಿಸಿಕೊಂಡೇ ಮುಂದೆ ಹೋಗುತ್ತಿದ್ದ.

ಆವುಲಪ್ಪನ ಊರು ಬಾಗಲೂರಿನಿಂದ ಎರಡು ಮೈಲಿ ಆಚೆ. ಅವನ ಅಪ್ಪ ಪಾಪಯ್ಯ ರಾಗಿ, ಕೋಸು ಬೆಳೆಯುವ ರೈತ. ಅವರ ಬಾವಿಗೆ ಸೀಮೆಎಣ್ಣೆಯಲ್ಲಿ ಓಡುವ ಪಂಪಿನ ಇಂಜಿನ್ ಇತ್ತು. ಆವುಲಪ್ಪನಿಗೆ ಹದಿನೇಳು ತುಂಬಿದ ವರ್ಷ, ಕೋಸಿಗೆ ನೀರು ಬೇಕಾದ ಹೊತ್ತಿನಲ್ಲೇ ಅದು ನಿಂತುಹೋಯಿತು. ಹೊಸೂರಿನಿಂದ ಬಂದ ಮೇಸ್ತ್ರಿ ಕಾರ್ಬರೇಟರ್ ಬಿಚ್ಚಿ, ಜೆಟ್ಟಿನ ತೂತಿಗೆ ತಂತಿ ಚುಚ್ಚಿ, ಒಳಗೆ ಕಡಜ ಕಟ್ಟಿದ್ದ ಮಣ್ಣನ್ನು ಕೆಡವಿದ. ಇಂಜಿನ್ ಓಡಿತು. ಆದರೆ ಅವತ್ತಿನಿಂದ ಎರಡು ದಿನದ ಎಣ್ಣೆ ಒಂದೇ ದಿನಕ್ಕೆ ಮುಗಿಯತೊಡಗಿತು.

ತಂತಿ ಚುಚ್ಚಿದ್ದರಿಂದ ತೂತು ದೊಡ್ಡದಾಗಿದೆ ಎಂದು ಕಂಡುಕೊಂಡದ್ದು ಆವುಲಪ್ಪ. ಯಾರೂ ಹೇಳಿಕೊಟ್ಟಿರಲಿಲ್ಲ. ಜೆಟ್ಟನ್ನು ಬಿಸಿಲಿಗೆ ಹಿಡಿದು ನೋಡಿದ, ಅಂಚು ಗೀರಿಕೊಂಡಿತ್ತು. ಹೊಸ ಜೆಟ್ ತರಿಸಿ ಹಾಕಿದ. ಮುಂದಿನ ಸಲ ಕಸ ಕೂತಾಗ ತಂತಿ ಮುಟ್ಟದೆ ಎತ್ತಿನ ಬಾಲದ ಒಂದು ಕೂದಲನ್ನು ತೂರಿಸಿ ಶುದ್ಧ ಮಾಡಿದ. ಇದನ್ನೆಲ್ಲ ನೋಡಿದ ಪಾಪಯ್ಯ ಮೂರನೆಯ ದಿನ, "ನೇಗಿಲು ಹಿಡಿಯಕ್ಕೆ ನಿನ್ನ ತಮ್ಮಂದಿರವ್ರೆ. ನೀನು ಬೆಂಗ್ಳೂರಿಗೆ ಹೋಗಿ ಇದನ್ನೇ ಕಲಿ ಹೋಗ್ಲಾ" ಎಂದ.

ಕಲಾಸಿಪಾಳ್ಯದ ಗ್ಯಾರೇಜೊಂದರಲ್ಲಿ ವೆಂಕಟಸ್ವಾಮಿ ಎಂಬ ಮೇಸ್ತ್ರಿಯ ಕೈಕೆಳಗೆ ಆವುಲಪ್ಪ ಆರು ವರ್ಷ ದುಡಿದ. ವೆಂಕಟಸ್ವಾಮಿ ಮಾತಿನವನಲ್ಲ. ಅವನು ಕಲಿಸಿದ್ದರಲ್ಲಿ ಮುಖ್ಯವಾದದ್ದು ಒಂದೇ: ಯಾವ ತಿರುಪನ್ನೂ ತಿರುಗಿಸುವ ಮುಂಚೆ ಅದು ಎಷ್ಟು ಸುತ್ತಿನ ಮೇಲಿತ್ತು ಅಂತ ಬರೆದಿಟ್ಟುಕೊಳ್ಳಬೇಕು. ನಿನ್ನಿಂದ ಸರಿಹೋಗದಿದ್ದರೆ, ಬಂದಾಗ ಹೇಗಿತ್ತೋ ಹಾಗಾದರೂ ವಾಪಸ್ ಕೊಡಬಹುದು.

1972ರಲ್ಲಿ ಆವುಲಪ್ಪ ಹೊಸೂರಿಗೆ ಬಂದು ಶೆಡ್ ಹಾಕಿದ. ಮರುವರ್ಷ ಗುಮ್ಮಳಾಪುರದ ನರಸಮ್ಮನನ್ನು ಮದುವೆಯಾದ. ಅವಳು ಎಂಟನೆಯ ಕ್ಲಾಸು ಓದಿದ್ದಳು, ಅಕ್ಷರ ಮುತ್ತಿನಂತಿತ್ತು. ಆವುಲಪ್ಪನದು ನಾಲ್ಕನೆಯ ಕ್ಲಾಸು, ಅವನು ಬರೆದದ್ದು ಅವನಿಗೇ ಓದಲು ಬರುತ್ತಿರಲಿಲ್ಲ. ಹಾಗಾಗಿ ಯಾವ ನಂಬರಿನ ಗಾಡಿ, ಎಷ್ಟು ಸುತ್ತು, ಯಾವ ಜೆಟ್ ಎಂದು ಅವನು ಊಟಕ್ಕೆ ಬಂದಾಗ ಹೇಳುವುದು, ಅವಳು ನೋಟ್‌ಬುಕ್ಕಿನಲ್ಲಿ ಬರೆಯುವುದು ರೂಢಿಯಾಯಿತು.

ಆಗಲೇ ಪೆಟ್ರೋಲಿನ ಬೆಲೆ ಏಕಾಏಕಿ ಏರಿತು. ಲೀಟರಿಗೆ ಒಂದು ಮೈಲಿ ಹೆಚ್ಚಿಗೆ ಓಡಿಸಿಕೊಡುವವನು ದೇವರ ಸಮಾನನಾದ. ಬೇಸಿಗೆಯಲ್ಲಿ ಕೃಷ್ಣಗಿರಿಯಿಂದ ಶೂಳಗಿರಿಯ ಏರು ಹತ್ತುವ ಕಾರುಗಳು ಕಾದು, ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ನಿಂತುಬಿಡುತ್ತಿದ್ದವು. ಇಂಜಿನ್ನಿನ ಪಕ್ಕದ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ತೆವಳುತ್ತ ಬಂದವು ಆವುಲಪ್ಪನ ಶೆಡ್ಡಿನ ಮುಂದೆ ಸಾಲು ನಿಲ್ಲುತ್ತಿದ್ದವು. ಮೂಕಂಡಪಲ್ಲಿಯ ಕಡೆ ಕಾರ್ಖಾನೆಗಳೆದ್ದ ಮೇಲಂತೂ ಗಾಡಿಗಳು ಇನ್ನೂ ಹೆಚ್ಚಿದವು. 1985ರ ಹೊತ್ತಿಗೆ ಮಾರುತಿ ಬಂತು. ಅದರ ಕಾರ್ಬರೇಟರಿಗೆ ಹತ್ತಾರು ಸಣ್ಣ ರಬ್ಬರ್ ಪೈಪುಗಳು. ಉಳಿದ ಮೇಸ್ತ್ರಿಗಳು ಮುಟ್ಟಲು ಹೆದರಿದರು. ಆವುಲಪ್ಪ ಒಂದೊಂದು ಪೈಪಿಗೂ ಒಂದೊಂದು ಬಣ್ಣದ ದಾರ ಕಟ್ಟಿ, ಬಿಚ್ಚಿ, ಜೋಡಿಸಿ, ಹದಿನೈದು ದಿನದಲ್ಲಿ ಕಲಿತುಬಿಟ್ಟ. "ಮನುಷ್ಯ ಮಾಡಿದ್ದು ತಾನೆ?" ಎನ್ನುತ್ತಿದ್ದ.

ಇಂಥವನ ಶೆಡ್ಡಿಗೆ 1987ರ ಜನವರಿಯ ಒಂದು ಶನಿವಾರ ಬೆಳಿಗ್ಗೆ, ಟ್ರಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಒಂದು ಜಪಾನೀ ಕಾರು ಬಂತು. ಅದರ ಒಡೆಯ ರಾಮಕೃಷ್ಣಪ್ಪ. ನರಸಮ್ಮನ ಊರಾದ ಗುಮ್ಮಳಾಪುರದವನೇ. ಹತ್ತು ವರ್ಷ ಕುವೈತಿನಲ್ಲಿದ್ದು, ಬರುವಾಗ ತನ್ನ ಕಾರನ್ನೂ ಹಡಗಿನಲ್ಲಿ ತಂದು, ಈಗ ಮೂಕಂಡಪಲ್ಲಿಯ ಒಂದು ಕಾರ್ಖಾನೆಯಲ್ಲಿ ಮ್ಯಾನೇಜರಾಗಿದ್ದ.

"ಸ್ಟಾರ್ಟ್ ಆಗುತ್ತೆ, ಎರಡು ಸೆಕೆಂಡು ಇರುತ್ತೆ, ಸತ್ತೋಗುತ್ತೆ" ಎಂದು ಅವನು ಕೀಲಿ ತಿರುಗಿಸಿ ತೋರಿಸಿದ. ಇಂಜಿನ್ ಗುರ್ ಎಂದಿತು, ನಡುಗಿತು, ಸುಮ್ಮನಾಯಿತು.

ಆವುಲಪ್ಪನ ಅಂಗೈ ಮಡ್‌ಗಾರ್ಡಿನ ಮೇಲಿತ್ತು. "ಪೆಟ್ರೋಲ್ ಸಾಲ್ತಿಲ್ಲ ಸಾರ್. ಬಿಟ್ಟೋಗಿ, ಸಾಯಂಕಾಲ ಬಂದು ಓಡಿಸ್ಕೊಂಡೋಗಿ."

ರಾಮಕೃಷ್ಣಪ್ಪ ಹೊರಟುಹೋದ. ಆಮೇಲೆ ಆವುಲಪ್ಪ ಬಾನೆಟ್ ಎತ್ತಿದ. ಒಳಗೆ ಕಾರ್ಬರೇಟರ್ ಇರಲಿಲ್ಲ.

ಮೊದಲು ಅದು ಬೇರೆಲ್ಲೋ ಅಡಗಿದೆ ಅಂದುಕೊಂಡ. ಪೆಟ್ರೋಲಿನ ಪೈಪನ್ನೇ ಬೆರಳಿನಲ್ಲಿ ಸವರುತ್ತ ಹೋದ. ಅದು ಇಂಜಿನ್ನಿನ ಉದ್ದಕ್ಕೂ ಮಲಗಿದ್ದ ಒಂದು ಕೊಳವೆ ಸೇರಿತು. ಕೊಳವೆಯಿಂದ ನಾಲ್ಕು ಸಣ್ಣ ಮೂತಿಗಳು ಇಂಜಿನ್ನಿನೊಳಕ್ಕೆ ಇಳಿದಿದ್ದವು. ಪ್ರತಿಯೊಂದರ ತಲೆಗೂ ವೈರು. ಪೆಟ್ರೋಲ್ ಹೋಗುವ ಜಾಗಕ್ಕೆ ವೈರು ಯಾಕೆ? ಪಕ್ಕದ ಶೆಡ್ಡಿನ ಶ್ಯಾಮಣ್ಣನನ್ನು ಕರೆದ. ಶ್ಯಾಮಣ್ಣ ಕಾರಿನ ವೈರಿಂಗ್, ಬ್ಯಾಟರಿ ಕೆಲಸದವನು, ಆವುಲಪ್ಪನ ಹಳೇ ಗೆಣೆಕಾರ. ಅವನೂ ಬಗ್ಗಿ ನೋಡಿ, "ಇದು ಕಾರಲ್ಲ ಕಣ್ಲಾ, ರೇಡಿಯೋ" ಎಂದ.

ಆದರೂ ಆವುಲಪ್ಪ ಬಿಡಲಿಲ್ಲ. ಪೆಟ್ರೋಲಿನ ಫಿಲ್ಟರ್ ಬಿಚ್ಚಿ ತೊಳೆದ. ಪೈಪುಗಳನ್ನು ಊದಿದ. ಮಧ್ಯಾಹ್ನವೆಲ್ಲ ಹೀಗೇ ಕಳೆಯಿತು. ಕಾರು ಮಾತ್ರ ಮೊದಲಿನಂತೆಯೇ ಎರಡು ಸೆಕೆಂಡು ಇದ್ದು ಸಾಯುತ್ತಿತ್ತು. ಸಂಜೆ ರಾಮಕೃಷ್ಣಪ್ಪ ಬಂದಾಗ ಶೆಡ್ಡಿನ ಮುಂದೆ ಟೀ ಕುಡಿಯುತ್ತ ನಾಲ್ಕೈದು ಡ್ರೈವರುಗಳು ನಿಂತಿದ್ದರು. ಅವರೆಲ್ಲ ಬೆಳಗಿನ ಮಾತು ಕೇಳಿದ್ದವರೇ. ಅವರ ಎದುರಿಗೇ ಆವುಲಪ್ಪ ಹೇಳಿದ:

"ಸಾರ್, ಬೆಳಿಗ್ಗೆ ದೊಡ್ಡ ಮಾತಾಡ್ಬುಟ್ಟೆ. ಈ ಗಾಡೀಲಿ ಕಾರ್ಬೇಟ್ರೇ ಇಲ್ಲ. ನಂಗಿದು ಗೊತ್ತಿಲ್ಲ."

ರಾಮಕೃಷ್ಣಪ್ಪನಿಗೆ ಸಿಟ್ಟು ಬರಲಿಲ್ಲ. "ಬೆಂಗಳೂರಲ್ಲಿ ಎರಡು ಗ್ಯಾರೇಜಿಗೆ ತೋರಿಸಿದೆ ಆವುಲಪ್ಪನೋರೆ. ಗೊತ್ತಿಲ್ಲ ಅಂತ ಯಾರೂ ಹೇಳ್ಲಿಲ್ಲ. ಕಂಪ್ಯೂಟರ್ ಪೆಟ್ಟಿಗೆ ಹೋಗಿದೆ, ಜಪಾನಿಂದ ತರಿಸಿ ಅಂದ್ರು."

"ಪೆಟ್ಟಿಗೆ ಹೋಗಿರೋದು ಅವ್ರಿಗೆ ಹೆಂಗೆ ಗೊತ್ತಾಯ್ತು?"

"ಅದನ್ನ ಹೇಳ್ಲಿಲ್ಲ."

ಆವುಲಪ್ಪ ಕೈ ಒರೆಸಿಕೊಂಡ. "ಈ ಗಾಡಿಗೆ ಪುಸ್ತಕ ಅಂತೇನಾದ್ರೂ ಐತಾ ಸಾರ್?"

"ಇದೆ. ಇಂಗ್ಲಿಷಲ್ಲಿದೆ."

"ನಾಳೆ ಭಾನುವಾರ. ಮನೆಗೇ ತಕ್ಕೊಂಡ್ ಬನ್ನಿ. ನೀವು ಓದಿ, ನಾನು ಕೇಳ್ತೀನಿ."

ಭಾನುವಾರ ಬೆಳಿಗ್ಗೆ ಆವುಲಪ್ಪನ ಮನೆಯ ಜಗಲಿಯ ಮೇಲೆ ಮೂವರು ಕೂತರು. ರಾಮಕೃಷ್ಣಪ್ಪ ಒಂದೊಂದು ಸಾಲನ್ನೂ ಓದಿ ಕನ್ನಡದಲ್ಲಿ ಹೇಳುತ್ತಿದ್ದ. ನರಸಮ್ಮ ಹೊಸ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಆವುಲಪ್ಪ ನಡುನಡುವೆ ತಡೆದು ಕೇಳುತ್ತಿದ್ದ.

ಪುಸ್ತಕ ಹೇಳಿದ್ದು ಇಷ್ಟು. ಈ ಕಾರಿನಲ್ಲಿ ಗಾಳಿ ಒಳಗೆ ಬರುವ ದಾರಿಯಲ್ಲಿ ಒಂದು ತೆಳು ರೆಕ್ಕೆಯಿದೆ. ಗಾಳಿ ಎಷ್ಟು ನುಗ್ಗುತ್ತದೋ ಅಷ್ಟು ಆ ರೆಕ್ಕೆ ತೆರೆಯುತ್ತದೆ. ಎಷ್ಟು ತೆರೆಯಿತು ಎಂಬ ಸುದ್ದಿ ವೈರಿನ ಮೂಲಕ ಪೆಟ್ಟಿಗೆಗೆ ಹೋಗುತ್ತದೆ. ಇಂಜಿನ್ ಎಷ್ಟು ಬಿಸಿಯಾಗಿದೆ ಎಂಬ ಸುದ್ದಿ ಇನ್ನೊಂದು ವೈರಿನಲ್ಲಿ ಹೋಗುತ್ತದೆ. ಪೆಟ್ಟಿಗೆ ಲೆಕ್ಕ ಹಾಕಿ, ಆ ನಾಲ್ಕು ಮೂತಿಗಳನ್ನು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ತೆರೆದು ಮುಚ್ಚಿ, ಬೇಕಾದಷ್ಟೇ ಪೆಟ್ರೋಲನ್ನು ಚಿಮ್ಮಿಸುತ್ತದೆ.

"ಅಂದ್ರೆ ಮದ್ರಾಸಿಂದ ಇಲ್ಲಿಗೆ ಬಂದ್ರೂ ಜೆಟ್ ಬದ್ಲಾಯಿಸ್ಬೇಕಾಗಿಲ್ವಾ?" ಎಂದು ಆವುಲಪ್ಪ ಕೇಳಿದ.

"ಬೇಕಾಗಿಲ್ಲ. ಗಾಳಿ ತೆಳ್ಳಗಾದ್ರೆ ಅದಕ್ಕೇ ಗೊತ್ತಾಗುತ್ತೆ. ಏರಲ್ಲಿ ಪೆಟ್ರೋಲ್ ಆವಿಯಾಗೋದೂ ಕಮ್ಮಿ. ಪಂಪು ಟ್ಯಾಂಕಿನಿಂದಲೇ ಒತ್ತಡದಲ್ಲಿ ತಳ್ಳುತ್ತೆ."

ರಾಮಕೃಷ್ಣಪ್ಪ ಹೋದ ಮೇಲೆ ಆವುಲಪ್ಪ ಊಟಕ್ಕೆ ಏಳಲಿಲ್ಲ. ನರಸಮ್ಮ ಎರಡು ಸಲ ಕರೆದಳು. ಮೂರನೆಯ ಸಲ ಹೊರಗೆ ಬಂದು ಕಂಬಕ್ಕೊರಗಿ ನಿಂತಳು.

"ಏನಾಯ್ತು?"

"ಇಪ್ಪತ್ತು ವರ್ಷ ಕಿವೀಲಿ ಕೇಳಿ, ಕೈಯಲ್ಲಿ ಹದ ಮಾಡಿ ಕಲ್ತಿದ್ದನ್ನ ಒಂದು ಪೆಟ್ಟಿಗೆ ಮಾಡ್ತೈತೆ ಕಣೆ. ಅದೂ ನಿಮಿಷಕ್ಕೆ ಸಾವಿರ ಸಲ. ನಾನ್ಯಾವೂರು ದಾಸಯ್ಯ?"

ನರಸಮ್ಮ ಸಮಾಧಾನ ಹೇಳುವ ಹೆಂಗಸಲ್ಲ. ನೋಟ್‌ಬುಕ್ ತೆರೆದು ತಾನು ಬರೆದದ್ದನ್ನೇ ನೋಡಿದಳು. "ಈ ಪೆಟ್ಟಿಗೆ ತಾನಾಗಿ ಏನೂ ನೋಡಲ್ಲ, ಕೇಳಲ್ಲ. ರೆಕ್ಕೆ ಹೇಳಿದ್ದು, ವೈರು ಹೇಳಿದ್ದು ನಂಬ್ತದೆ. ಅವು ಸುಳ್ಳು ಹೇಳಿದ್ರೆ?"

ಆವುಲಪ್ಪ ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಎದ್ದು ಕೈ ತೊಳೆದುಕೊಂಡು ಬಂದು ಎರಡು ಮುದ್ದೆ ಉಂಡ.

ಸೋಮವಾರ ಶ್ಯಾಮಣ್ಣನನ್ನು ಜೊತೆಗೆ ಹಾಕಿಕೊಂಡ. ಶ್ಯಾಮಣ್ಣ ಅಭ್ಯಾಸದಂತೆ ಟೆಸ್ಟ್ ಬಲ್ಬು ತಂದು ವೈರಿಗೆ ಚುಚ್ಚಲು ಹೋದ. ಆವುಲಪ್ಪ ಅವನ ಕೈ ಹಿಡಿದ. "ಬಲ್ಬು ಹಾಕಿದ್ರೆ ಪೆಟ್ಟಿಗೆ ಸುಟ್ಟೋಗ್ತೈತಂತೆ, ಪುಸ್ತಕದಲ್ಲೈತೆ. ಮೀಟರ್ ತಾ." ಮೀಟರ್ ಹಿಡಿದು, ನರಸಮ್ಮನ ನೋಟ್‌ಬುಕ್ ಪಕ್ಕಕ್ಕಿಟ್ಟುಕೊಂಡು, ಒಂದೊಂದೇ ವೈರನ್ನು ನೋಡಿದರು. ಬಿಸಿಯ ಸುದ್ದಿ ಹೇಳುವ ವೈರು ಸರಿಯಿತ್ತು. ರೆಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಮೀಟರಿನ ಮುಳ್ಳೂ ಮೆಲ್ಲಗೆ ಏರುತ್ತಿತ್ತು. ಎಲ್ಲವೂ ಪುಸ್ತಕದಲ್ಲಿದ್ದಂತೆಯೇ ಇತ್ತು. ಎರಡು ದಿನ ಹೀಗೆ ಕಳೆದರೂ ತಪ್ಪು ಸಿಗಲಿಲ್ಲ.

"ಬೆಂಗ್ಳೂರೋರು ಹೇಳಿದ್ದೇ ಸರಿಯೇನೋ ಕಣ್ಲಾ. ಪೆಟ್ಟಿಗೆ ಹೋಗೈತೆ" ಎಂದ ಶ್ಯಾಮಣ್ಣ.

"ಇರ್ಲಾ. ಇಷ್ಟೊತ್ತೂ ನಿಂತಿರೋ ಇಂಜಿನ್ ನೋಡಿದ್ವಿ. ಓಡೋದನ್ನ ನೋಡಿಲ್ಲ. ನೀನು ಕೀಲಿ ತಿರುಗ್ಸು, ನಾನು ಕೈ ಇಡ್ತೀನಿ."

ಶ್ಯಾಮಣ್ಣ ಕೀಲಿ ತಿರುಗಿಸಿದ. ಆವುಲಪ್ಪ ಬಗ್ಗಿ, ರೆಕ್ಕೆಯ ಡಬ್ಬಿಯಿಂದ ಇಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಕೊಳವೆಯ ಸುತ್ತ ಅಂಗೈ ಆಡಿಸಿದ. ಇಂಜಿನ್ ಹತ್ತಿಕೊಂಡು ಒಂದು ಕಡೆಗೆ ವಾಲಿದ ಆ ಕ್ಷಣದಲ್ಲಿ ಕೊಳವೆಯ ತಳಭಾಗ ಅವನ ಬೆರಳನ್ನು ಚೀಪಿತು. ಇಂಜಿನ್ ಸತ್ತಿತು. ಬೆರಳು ಸಡಿಲವಾಯಿತು.

"ಇನ್ನೊಂದ್ಸಲ!" ಎಂದು ಕೂಗಿದ.

ಮತ್ತೆ ಹಾಗೇ ಆಯಿತು. ಕೊಳವೆ ಬಿಚ್ಚಿ ತೆಗೆದ. ಹಿಗ್ಗಿ ಕುಗ್ಗಲೆಂದು ಅದಕ್ಕೆ ಮಡಿಕೆಗಳಿದ್ದವು. ಕೆಳಗಿನ ಒಂದು ಮಡಿಕೆಯೊಳಗೆ ಉದ್ದಕ್ಕೆ ಸೀಳು ಬಿಟ್ಟಿತ್ತು. ಸುಮ್ಮನಿದ್ದಾಗ ಬಾಯಿ ಮುಚ್ಚಿಕೊಂಡಿರುತ್ತಿತ್ತು, ಇಂಜಿನ್ ವಾಲಿದರೆ ತೆರೆದುಕೊಳ್ಳುತ್ತಿತ್ತು. ಮೇಲಿನಿಂದ ನೋಡಿದವರಿಗೆ ಕಾಣುವಂತಿರಲಿಲ್ಲ. ಆವುಲಪ್ಪನಿಗೆ ಎಲ್ಲವೂ ಒಮ್ಮೆಗೇ ಹೊಳೆಯಿತು. ಇಂಜಿನ್ ಹತ್ತಿದ ಕೂಡಲೇ ಗಾಳಿ ಈ ಸೀಳಿನಿಂದ ನುಗ್ಗುತ್ತಿದೆ. ರೆಕ್ಕೆಯ ಮುಂದೆ ಹಾದುಹೋಗುವ ಗಾಳಿ ಕಡಿಮೆಯಾಗಿ ರೆಕ್ಕೆ ಮುಚ್ಚಿಕೊಳ್ಳುತ್ತಿದೆ. ಗಾಳಿಯೇ ಇಲ್ಲ ಎಂದು ಪೆಟ್ಟಿಗೆಗೆ ಸುದ್ದಿ ಹೋಗಿ, ಪೆಟ್ಟಿಗೆ ಪೆಟ್ರೋಲ್ ನಿಲ್ಲಿಸುತ್ತಿದೆ. ಪೆಟ್ಟಿಗೆಯ ತಪ್ಪೇನೂ ಇಲ್ಲ, ಅದು ಕೇಳಿದ್ದನ್ನು ನಂಬಿ ಸರಿಯಾಗಿಯೇ ನಡೆದುಕೊಂಡಿದೆ.

ಸೈಕಲ್ ಟ್ಯೂಬು ಕತ್ತರಿಸಿ, ಪಂಕ್ಚರ್ ಸೊಲ್ಯೂಷನ್ ಹಚ್ಚಿ, ಸೀಳಿನ ಮೇಲೆ ಎರಡು ಸುತ್ತು ಬಿಗಿಯಾಗಿ ಸುತ್ತಿದ. ಒಣಗಲು ಒಂದು ಗಂಟೆ ಬಿಟ್ಟ. ಶ್ಯಾಮಣ್ಣ ಕೀಲಿ ತಿರುಗಿಸಿದ. ಇಂಜಿನ್ ಹತ್ತಿತು, ನಿಲ್ಲಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಅಷ್ಟು ಮೆತ್ತಗೆ ಓಡುವ ಇಂಜಿನ್ನನ್ನು ಆವುಲಪ್ಪ ತನ್ನ ಜೀವಮಾನದಲ್ಲಿ ಕೇಳಿರಲಿಲ್ಲ.

ಸುದ್ದಿ ತಿಳಿದು ರಾಮಕೃಷ್ಣಪ್ಪ ಕಾರ್ಖಾನೆಯಿಂದ ನೇರ ಬಂದ. ಮೂವರೂ ಕೂತು ಶೂಳಗಿರಿಯವರೆಗೆ ಹೋಗಿಬಂದರು. ವಾಪಸ್ಸು ಏರು ಹತ್ತುವಾಗ ಆವುಲಪ್ಪನೇ ಸ್ಟಿಯರಿಂಗ್ ಹಿಡಿದಿದ್ದ.

"ಇಂಥವು ನಮ್ಮೂರಲ್ಲಿ ಎಷ್ಟಿರಬೌದು ಸಾರ್?"

"ಈಗ ಕೈಬೆರಳೆಣಿಕೆ. ಮುಂದೆ ಎಲ್ಲವೂ ಹಿಂಗೇ ಆಗುತ್ತೆ."

"ಯಾವಾಗ?"

"ಹತ್ತು ವರ್ಷ, ಹದಿನೈದು ವರ್ಷ."

"ಹಂಗಾದ್ರೆ ಕಲಿಯಕ್ಕೆ ಪುರಸತ್ತೈತೆ" ಎಂದ ಆವುಲಪ್ಪ. "ಎಲ್ಲಿ ಕಲಿಸ್ತಾರೆ?"

ರಾಮಕೃಷ್ಣಪ್ಪನ ಕಾರ್ಖಾನೆಯಲ್ಲಿ ಕೆಲಸಗಾರರಿಗೆಂದು ಸಂಜೆ ಎಲೆಕ್ಟ್ರಾನಿಕ್ಸ್ ಪಾಠ ನಡೆಯುತ್ತಿತ್ತು. ಅವನು ಮೇಲಿನವರಿಗೆ ಹೇಳಿ, ಹೊರಗಿನವನಾದ ಆವುಲಪ್ಪನಿಗೂ ಅಲ್ಲಿ ಕೂರಲು ಒಪ್ಪಿಗೆ ಪಡೆದ. ಪಾಠವೆಲ್ಲ ತಮಿಳಿನಲ್ಲಿ. ಸುತ್ತಲೂ ಡಿಪ್ಲೊಮಾ ಮುಗಿಸಿದ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರು. ನಲವತ್ತು ವರ್ಷದ ಆವುಲಪ್ಪ ಮುಂದಿನ ಬೆಂಚಿನಲ್ಲೇ ಕೂತ, ಅರ್ಥವಾಗದಿದ್ದಾಗ ಕೈಯೆತ್ತಿ ಕೇಳಿದ. ಮೊದಲ ಪರೀಕ್ಷೆಯಲ್ಲಿ ಅವನ ಹಾಳೆ ಬಹುಪಾಲು ಖಾಲಿಯಿತ್ತು. ಪಾಠ ಹೇಳುವ ಎಂಜಿನಿಯರ್ ಕರೆದು ಕೇಳಿದಾಗ, "ಗೊತ್ತಿದೆ, ಬರೆಯೋಕೆ ಬರಲ್ಲ. ಬಾಯಲ್ಲಿ ಕೇಳಿ" ಎಂದು ತಮಿಳಿನಲ್ಲಿ ಹೇಳಿದ. ಎಂಜಿನಿಯರ್ ಅರ್ಧ ಗಂಟೆ ಪ್ರಶ್ನೆ ಕೇಳಿ, ಪಾಸು ಮಾಡಿದ.

ಕಾರ್ಬರೇಟರ್ ಕೆಲಸವೇನೂ ಕಡಿಮೆಯಾಗಲಿಲ್ಲ. ರಸ್ತೆಯ ಮೇಲಿದ್ದವೆಲ್ಲ ಅವೇ ಗಾಡಿಗಳು. ಆದರೆ 1988ರಲ್ಲಿ ಆವುಲಪ್ಪ, ಶ್ಯಾಮಣ್ಣ ಇಬ್ಬರೂ ಮಾತಾಡಿಕೊಂಡು ತಮ್ಮ ಎರಡು ಶೆಡ್ಡುಗಳ ನಡುವಿನ ತಗಡನ್ನು ಕಿತ್ತು ಒಂದು ಮಾಡಿದರು. "ಇನ್ಮೇಲೆ ಪೆಟ್ರೋಲ್ ಯಾವ್ದು, ಕರೆಂಟ್ ಯಾವ್ದು ಅಂತ ಹೇಳಕ್ಕಾಗಲ್ಲ ಕಣ್ಲಾ" ಎನ್ನುವುದು ಆವುಲಪ್ಪನ ವಾದ. ಶ್ಯಾಮಣ್ಣನಿಗೂ ಅದು ಸರಿಯೆನಿಸಿತ್ತು.

1989ರ ಮೇ ತಿಂಗಳಲ್ಲಿ ಕೃಷ್ಣಗಿರಿಯಿಂದ ಆಳು ಬಂದ. ಮಾವಿನ ಹಣ್ಣಿನ ರಸವನ್ನು ಡಬ್ಬಿಗೆ ತುಂಬುವ ಕಾರ್ಖಾನೆಯ ಮಾಲೀಕ ದೊಡ್ಡಣ್ಣ ಎಂಬುವವರ ವಿದೇಶಿ ಕಾರು, ಬೆಳಿಗ್ಗೆ ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ಕರೀ ಹೊಗೆ ಉಗುಳಿ ನಿಲ್ಲುತ್ತಿದೆಯಂತೆ. ಬಾನೆಟ್ ಎತ್ತಿದವರೆಲ್ಲ ಕಾರ್ಬರೇಟರ್ ಕಾಣದೆ ವಾಪಸ್ಸು ಮುಚ್ಚಿದ್ದಾರಂತೆ.

ಮೀಟರ್, ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು ಇಬ್ಬರೂ ಬಸ್ಸು ಹತ್ತಿದರು. ಬಸ್ಸಿನಲ್ಲೇ ಆವುಲಪ್ಪ ಹೇಳಿದ: "ಇಂಜಿನ್ ಬಿಸಿಯಾದ್ರೂ ಇನ್ನೂ ತಣ್ಣಗೈತೆ ಅಂತ ಪೆಟ್ಟಿಗೆ ತಿಳ್ಕಂಡೈತೆ. ಅದಕ್ಕೇ ಪೆಟ್ರೋಲ್ ಸುರೀತೈತೆ. ಬಿಸಿ ಹೇಳೋ ವೈರು ನೋಡ್ಬೇಕು." ಈ ಸಲ ಅದು ಬರೀ ಊಹೆಯಾಗಿರಲಿಲ್ಲ.

ದೊಡ್ಡಣ್ಣನವರ ಕಾರು ಕಾರ್ಖಾನೆಯ ಹಿಂದಿನ ಮಾವಿನ ಮರದಡಿ ನಿಂತಿತ್ತು. ಶ್ಯಾಮಣ್ಣ ಬಗ್ಗಿ ವೈರನ್ನು ಹಿಡಿದೆತ್ತಿದ. ಅಳಿಲು ಕಡಿದು ಹಾಕಿತ್ತು, ತುದಿ ಗಾಳಿಯಲ್ಲಿ ತೂಗಾಡುತ್ತಿತ್ತು. ಬೆಸುಗೆ ಹಾಕಿ, ಟೇಪು ಸುತ್ತಿ, ಇಂಜಿನ್ ಬಿಸಿಯಾಗುವವರೆಗೆ ಓಡಿಸಿ ನೋಡಿದರು. ಹೊಗೆ ಬರಲಿಲ್ಲ. ಎಲ್ಲ ಸೇರಿ ಅರ್ಧ ಗಂಟೆ.

ದೊಡ್ಡಣ್ಣನವರಿಗೆ ನಂಬಿಕೆ ಬರಲಿಲ್ಲ. "ಇಷ್ಟೇನಾ? ಒಂದು ತಿಂಗಳಿಂದ ಒದ್ದಾಡ್ತಿದ್ದೀನಿ."

"ಇಷ್ಟೇ ಸಾರ್. ಇದೇನು ಮಾಯ ಅಲ್ಲ. ಹೆದರ್ಕೊಂಡು ಯಾರೂ ಕೈ ಇಟ್ಟಿಲ್ಲ ಅಷ್ಟೇ" ಎಂದ ಆವುಲಪ್ಪ.

ಅವರು ಬಲವಂತ ಮಾಡಿ ಇಬ್ಬರಿಗೂ ಒಂದೊಂದು ಮಂಕರಿ ಮಲ್ಗೋವ ಹಣ್ಣು ಹೊರಿಸಿದರು. ಕೃಷ್ಣಗಿರಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಊಟ ಮಾಡಿ, ಮಧ್ಯಾಹ್ನದ ಬಸ್ಸಿಗೆ ಹೊರಟರು. ಶೂಳಗಿರಿಯ ಏರಿನಲ್ಲಿ ಎರಡು ಕಾರುಗಳು ಇಂಜಿನ್ ಕಾದು, ಬಾನೆಟ್ ಎತ್ತಿಕೊಂಡು ನಿಂತಿದ್ದವು. ಆವುಲಪ್ಪ ಕಂಡಕ್ಟರಿಗೆ ಹೇಳಿ ಬಸ್ಸು ನಿಲ್ಲಿಸಿದ. ಮಂಕರಿಯನ್ನು ಶ್ಯಾಮಣ್ಣನ ಮಡಿಲಿಗಿಟ್ಟು, "ನೀನು ಹೋಗಿರ್ಲಾ. ಇವನ್ನ ಓಡಿಸಿ ನಾನೂ ಹಿಂದ್ಲೆ ಬತ್ತೀನಿ" ಎಂದು ಇಳಿದುಹೋದ.